ಮಾಳಿಗೆಯ ಮಣ್ಣು ಇಳಿಸಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಬೀದರ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಕಲ್ಲುಗೋಡೆಯ ಮಾಳಿಗೆ ಮನೆಯಲ್ಲಿ ಇರುವವರು ಸ್ವಲ್ಪ ಹತ್ತಿರ ಬಂದು ಕೂತು ಕೇಳಿ. ನಾನು ಹೇಳುವುದು ಒಂದೇ ಮಾತು: ಮಾಳಿಗೆ, ಅಂದರೆ ಜಂತಿ (ಅಡ್ಡ ತೊಲೆ) ಸಾಲಿನ ಮೇಲೆ ಮಣ್ಣು ಹೊದಿಸಿದ ಸಮತಟ್ಟಾದ ಚಾವಣಿ, ಅದರ ಮೇಲಿನ ಮಣ್ಣು ಇಳಿಸಿ.

ಹಿರಿಯರಿಗೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪ ನೆನಪಿರುತ್ತದೆ. 1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ಬಂದ ಜನ ದಣಿದು ಮಲಗಿದ್ದರು. ನಸುಕಿನ 4 ಗಂಟೆಗೆ ಇನ್ನೂ ನಾಲ್ಕು ನಿಮಿಷ ಇರುವಾಗ ಭೂಮಿ ನಡುಗಿತು. ಪ್ರಮಾಣ 6.2. ನಮ್ಮ ಬೀದರ, ಕಲಬುರಗಿಯಲ್ಲೂ ಜನ ಎದ್ದು ಬೀದಿಗೆ ಓಡಿಬಂದರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 8,000 ಜನ ತೀರಿಹೋದರು. ಕೊಂದದ್ದು ನಡುಕವಲ್ಲ, ಮನೆ. ಎರಡರಿಂದ ನಾಲ್ಕು ಅಡಿ ದಪ್ಪದ ಗೋಡೆ, ನೋಡಿದರೆ ಕೋಟೆ. ಒಳಗೆ ಏನಿತ್ತು? ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಕೆಸರು. ಎರಡೂ ಸಾಲನ್ನು ಹಿಡಿದಿಡುವ ಒಂದು ಉದ್ದಗಲ್ಲೂ ಇಲ್ಲ. ನಡುಗಿದಾಗ ಚೂರುಕಲ್ಲು ಕೆಳಗೆ ಕುಸಿದು ಬೆಣೆಯ ಹಾಗೆ ಎರಡೂ ಸಾಲನ್ನು ಬೇರ್ಪಡಿಸಿತು, ಗೋಡೆ ಹೊಟ್ಟೆ ಬಿಟ್ಟು ಒಡೆಯಿತು. ಮೇಲಿನ ಮಣ್ಣು ಸುರಿದು ಉಸಿರಾಡಲು ಸಂದೇ ಇಲ್ಲದಂತೆ ತುಂಬಿಕೊಂಡಿತು. ಗೋಡೆ ಬಿದ್ದರೂ ಕೆಲವು ಮನೆಗಳಲ್ಲಿ ಕಟ್ಟಿಗೆಯ ಕಂಬ, ತೊಲೆ ಹಾಗೇ ನಿಂತಿದ್ದವು. ಕಟ್ಟಿಗೆ ತಡೆದದ್ದನ್ನು ಕಲ್ಲು ತಡೆಯಲಿಲ್ಲ.

ಆ ಮಣ್ಣು ಎಲ್ಲಿಂದ ಬಂತು? ಸೋರಿದಾಗಲೆಲ್ಲ ನಾವೇ ಹಾಕಿದ್ದು. ಪ್ರತಿ ಮಳೆಗಾಲಕ್ಕೆ ನಾಲ್ಕು ಬುಟ್ಟಿ. ಅಜ್ಜನ ಕಾಲದಿಂದ ಲೆಕ್ಕ ಹಾಕಿ! ಹತ್ತಡಿ, ಹನ್ನೆರಡಡಿ ಕೋಣೆಯ ಮೇಲೆ ಎರಡಡಿ ಮಣ್ಣಿದ್ದರೆ, ಒಣಗಿದಾಗಲೇ ಹತ್ತು ಟನ್ನಿಗೂ ಹೆಚ್ಚು ತೂಕ. ನೆನೆದರೆ ಇನ್ನೂ ಹೆಚ್ಚು. ಅದರ ಕೆಳಗೆ ಮಕ್ಕಳನ್ನು ಮಲಗಿಸುತ್ತೇವೆ. ಎಂಟು ಇಂಚಿಗೆ ಇಳಿಸಿದರೆ ಏಳು ಟನ್ ಕಡಿಮೆ. ಖರ್ಚು ಅಂದರೆ ಎರಡು ಮೂರು ದಿನದ ಆಳು. ಆದರೂ ಮುಂದಿನ ವರ್ಷ ನೋಡೋಣ ಅನ್ನುತ್ತೀರಿ. ಬೇಡ, ಈ ಬೇಸಿಗೆಯಲ್ಲೇ ಇಳಿಸಿ.

ಮನೆ ಖಾಲಿ ಮಾಡಿಕೊಂಡು ಶುರುಮಾಡಿ. ಇಡೀ ಮಾಳಿಗೆಯ ಮೇಲೆ ಒಂದೇ ಸಮನೆ, ಪದರ ಪದರವಾಗಿ ತೆಗೆಯಬೇಕು. ಒಂದು ಮೂಲೆ ಬರಿದು ಮಾಡಿ ಇನ್ನೊಂದು ಮೂಲೆಯಲ್ಲಿ ಗುಡ್ಡೆ ಹಾಕಿದರೆ ಹಳೇ ಜಂತಿ ಮುರಿಯುತ್ತದೆ. ಇಳಿಸಿದ ಮಣ್ಣನ್ನು ಗೋಡೆ ಬುಡಕ್ಕೆ ಒಟ್ಟಬೇಡಿ, ತೇವ ಏರುತ್ತದೆ. ಜಂತಿಯ ತುದಿ ಗೋಡೆಯೊಳಗೆ ಕೂತ ಜಾಗದಲ್ಲಿ ಕಬ್ಬಿಣದ ಮೊಳೆ ಚುಚ್ಚಿ ನೋಡಿ. ಸುಲಭವಾಗಿ ಇಳಿದರೆ ಅದು ಕೊಳೆತಿದೆ, ಬದಲಿಸಿ. ಆಮೇಲೆ ನಾಲ್ಕು ಇಂಚು ಮಣ್ಣು ಬಡಿದು ಸಮ ಮಾಡಿ, ನೀರು ಹೋಗುವ ಕಡೆ ಇಳಿಜಾರು ಕೊಟ್ಟು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರಲಿ. ಅದರ ಮೇಲೆ ಕಲ್ಲು ಹರಳಿಲ್ಲದ ಮಣ್ಣು ನಾಲ್ಕೇ ಇಂಚು. ಹಾಳೆ ಬಿಸಿಲಿಗೆ ಬಿಟ್ಟರೆ ಪುಡಿಯಾಗುತ್ತದೆ, ಅದಕ್ಕೇ ಮೇಲೆ ಮಣ್ಣು. ಇನ್ನು ಸೋರಿದರೆ ಹಾಳೆ ಎಲ್ಲಿ ಹರಿದಿದೆ ಹುಡುಕಿ. ದಯವಿಟ್ಟು ಮತ್ತೆ ಬುಟ್ಟಿ ಹೊರಬೇಡಿ!

ಸಮಯ ಮುಗಿಯುತ್ತಾ ಬಂತು, ಗೋಡೆಯ ಮಾತು ಬೇಗ ಹೇಳುತ್ತೇನೆ. ಎರಡೂ ಸಾಲನ್ನು ಹಿಡಿದಿಡಲು ಉದ್ದಗಲ್ಲಿನ ಬದಲು ಹೀಗೆ ಮಾಡಿ. ಅಡ್ಡಕ್ಕೂ ಎತ್ತರಕ್ಕೂ ಸುಮಾರು ಮೂರಡಿಗೊಂದರಂತೆ, ಒಂದರ ನೇರಕ್ಕೆ ಇನ್ನೊಂದು ಬರದ ಹಾಗೆ, ಗೋಡೆಯಲ್ಲಿ ಆರಪಾರ ಮೂರು ಇಂಚಿನ ತೂತು ಮಾಡಿಸಿ. ಸುತ್ತಿಗೆಯಿಂದ ಹೊಡೆಯುವುದು ಬೇಡ. ಗೌಂಡಿ ಸಣ್ಣ ಹಾರೆಯಿಂದ ಕಲ್ಲನ್ನು ಅಲುಗಿಸಿ ಬಿಡಿಸಲಿ. ಎರಡೂ ತುದಿ ಬಗ್ಗಿಸಿದ 8 ಮಿಲಿಮೀಟರ್ ಸರಳು ಇಟ್ಟು, ಒಂದು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ ಕಲಸಿದ ಕಾಂಕ್ರೀಟ್ ತುಂಬಿಸಿ. ಹತ್ತು ದಿನ ನೀರುಣಿಸಿ.

ಆದರೆ ಇದು ಎರಡನೇ ಕೆಲಸ. ಮೊದಲು ಮಾಳಿಗೆ ಹತ್ತಿ, ಒಂದು ಮೂಲೆಯಲ್ಲಿ ಜಂತಿ ಸಿಗುವವರೆಗೆ ಅಗೆದು, ಮಣ್ಣಿನ ದಪ್ಪ ಅಳೆಯಿರಿ. ನಾಳೆ ಬೆಳಿಗ್ಗೆಯೇ ಅಳೆಯಿರಿ. ನಮಸ್ಕಾರ.