ಪ್ಲೇಟಿನಲ್ಲಿ ತೂತು ಕಂಡರೆ ಸಾಲದು: ಅಳಿವೆ ನೀರಿನಿಂದ ಫೇಜ್ ಹಿಡಿಯುವುದು

ವಿಡಿಯೊದಲ್ಲಿ ಈಗ ಕಾಣ್ತಿರುವುದು ಮಂಗಳೂರಿನ ಬೆಂಗ್ರೆ ಬದಿಯ ಅಳಿವೆ. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವುದು ಇಲ್ಲೇ. ಈ ಬಾಟಲಿ ನೀರಿನಲ್ಲಿ ನಾವು ಹುಡುಕುವುದು ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್, ಅಂದರೆ ಫೇಜ್. ಸಿಗಡಿ ಹ್ಯಾಚರಿಯವರಿಗೆ ಹಾರ್ವೆಯಿ ಗೊತ್ತೇ ಉಂಟು: ಕತ್ತಲಲ್ಲಿ ತೊಟ್ಟಿಯ ಮರಿಗಳು ಮಿನುಗಿದರೆ ರೋಗ ಬಂತು ಅಂತಲೇ ಲೆಕ್ಕ. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಅವರ ತಂಡ ಇಂಥ ಫೇಜುಗಳನ್ನು ಹ್ಯಾಚರಿಯಲ್ಲೇ ಬಳಸಿ ನೋಡಿದ ಪ್ರಬಂಧ 2007ರಲ್ಲಿ ಬಂದಿದೆ.

ಜುಲೈ ನೆರೆಯಲ್ಲಿ ನೀರು ತರಬೇಡಿ. ಆಗ ಅಳಿವೆ ನೀರು ಹೆಚ್ಚುಕಡಿಮೆ ಸಿಹಿ; ಹಾರ್ವೆಯಿಗೆ ಉಪ್ಪು ಬೇಕೇ ಬೇಕು. ಬೇಸಿಗೆಯ ಉಬ್ಬರದ ನೀರು ಒಳ್ಳೆಯದು, ಸಿಗಡಿ ಕೆರೆಯಿಂದ ಹೊರಬಿಟ್ಟ ನೀರು ಇನ್ನೂ ಒಳ್ಳೆಯದು.

50 ಮಿ.ಲೀ. ನೀರನ್ನು 10,000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ; ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ಫೇಜ್ ಇಳಿಯುತ್ತದೆ. ಕೆಸರು ಸಮೇತ ಸೋಸಲು ಹೋದರೆ ನಾಲ್ಕು ಹನಿ ಇಳಿಯುವುದರೊಳಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೈಟ್ರೊಸೆಲ್ಯುಲೋಸ್ ಫಿಲ್ಟರ್ ಬೇಡ, ಫೇಜ್ ಅದಕ್ಕೇ ಅಂಟಿಕೊಳ್ಳಬಹುದು.

ಈಗ ಫೇಜಿನ ಸಂಖ್ಯೆ ಹೆಚ್ಚಿಸುವುದು. ಸೋಸಿದ್ದು 10 ಮಿ.ಲೀ., ಉಪ್ಪು ಸೇರಿಸಿದ ಎರಡು ಪಟ್ಟು ಗಟ್ಟಿಯ ಟ್ರಿಪ್ಟಿಕ್ ಸೋಯಾ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ ಆಹಾರ) 10 ಮಿ.ಲೀ., ಚುರುಕಾಗಿ ಬೆಳೆಯುತ್ತಿರುವ ಹಾರ್ವೆಯಿ 1 ಮಿ.ಲೀ. ಜೊತೆಗೆ ಚೂರು ಕ್ಯಾಲ್ಸಿಯಂ ಕ್ಲೋರೈಡ್. ಹಲವು ಫೇಜುಗಳು ಅದಿಲ್ಲದೆ ಬ್ಯಾಕ್ಟೀರಿಯಾಕ್ಕೆ ಸರಿಯಾಗಿ ಅಂಟುವುದಿಲ್ಲ. 30 ಡಿಗ್ರಿಯಲ್ಲಿ ರಾತ್ರಿಯಿಡೀ ಕುಲುಕುತ್ತಾ ಇರಲಿ. ಮರುದಿನ ಮತ್ತೆ ಸೆಂಟ್ರಿಫ್ಯೂಜ್, ಮತ್ತೆ ಸೋಸುವುದು.

ಇನ್ನು ಕೈಕೊಡುವ ಹಂತ. ಕೆಳಗೆ 1.5 ಶೇಕಡಾ ಅಗರಿನ, ಅಂದರೆ ಆಹಾರವನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ವಸ್ತುವಿನ, ಪ್ಲೇಟ್. ಮೇಲೆ ಹೊಯ್ಯಲು 0.6 ಶೇಕಡಾ ಮೆದು ಅಗರ್, 5 ಮಿ.ಲೀ., 46 ಡಿಗ್ರಿಯ ನೀರಿನಲ್ಲಿ ಕಾದಿರಲಿ. 100 ಮೈಕ್ರೊಲೀಟರ್ ಫೇಜ್, 200 ಮೈಕ್ರೊಲೀಟರ್ ಬ್ಯಾಕ್ಟೀರಿಯಾ ಬೆರೆಸಿ 10 ನಿಮಿಷ ಬಿಟ್ಟು ಅಗರಿಗೆ ಸೇರಿಸಿ, ತಕ್ಷಣ ಹೊಯ್ಯಿರಿ. ನೀರುದೋಸೆ ಹಿಟ್ಟಿನ ಹಾಗೆ ಸರಾಗ ಹರಡಬೇಕು. ಬಿಸಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಸಾಯುತ್ತದೆ, ತಣಿದರೆ ಗಂಟು. ನಮ್ಮ ಕರಾವಳಿಯ ಸೆಕೆಗೆ ಪ್ಲೇಟ್ ಬೆವರುತ್ತದೆ ಮಾರಾಯ್ರೆ. ಲ್ಯಾಮಿನಾರ್ ಫ್ಲೋ ಎಂಬ ಶುದ್ಧ ಗಾಳಿಯ ಪೆಟ್ಟಿಗೆಯಲ್ಲಿ ಮುಚ್ಚಳ ತೆರೆದು ಮೊದಲೇ ಒಣಗಿಸದಿದ್ದರೆ ತೂತುಗಳೆಲ್ಲ ಒಂದಕ್ಕೊಂದು ಹರಿದು ಸೇರುತ್ತವೆ.

ಮರುದಿನದ ಪ್ಲೇಟ್ ಇದು. ಬ್ಯಾಕ್ಟೀರಿಯಾ ಬೆಳೆದ ಮಬ್ಬು ಹಾಸಿನ ನಡುವೆ ತಿಳಿ ಚುಕ್ಕೆಗಳು, ಅಂದರೆ ಪ್ಲಾಕ್; ನಾವು ತೂತು ಅಂದದ್ದು ಇದನ್ನೇ. ಹಿಗ್ಗಬೇಡಿ. ಗಾಳಿಗುಳ್ಳೆಯೂ ಹೀಗೇ ಕಾಣುತ್ತದೆ. ಕೆರೆನೀರಿನ ಆಂಟಿಬಯೋಟಿಕ್, ಬೇರೆ ಬ್ಯಾಕ್ಟೀರಿಯಾ ಬಿಟ್ಟ ಬ್ಯಾಕ್ಟೀರಿಯೊಸಿನ್ ಎಂಬ ವಿಷ ಕೂಡ ಜಾಗ ತಿಳಿ ಮಾಡಬಲ್ಲವು. ಸಾಬೀತು ಮಾಡುವುದು ಹತ್ತರ ಲೆಕ್ಕದಲ್ಲಿ ತೆಳು ಮಾಡಿ: ಸೋಸಿದ್ದರ 100 ಮೈಕ್ರೊಲೀಟರನ್ನು 900 ಮೈಕ್ರೊಲೀಟರ್ ಬ್ರಾತಿಗೆ, ಅದರಿಂದ ಮುಂದಿನ ಟ್ಯೂಬಿಗೆ; ಪ್ರತಿಯೊಂದನ್ನೂ ಪ್ಲೇಟಿಗೆ ಹಾಕಿ ನೋಡಿ. ರಾಸಾಯನಿಕವಾದರೆ ತಿಳಿ ಜಾಗ ಬರಬರುತ್ತಾ ಮಾಸಿಹೋಗುತ್ತದೆ. ಫೇಜ್ ಆದರೆ ಬಿಡಿ ಬಿಡಿ ಚುಕ್ಕೆಗಳಾಗಿ ಒಡೆಯುತ್ತದೆ, ಎಣಿಸಬಹುದು. 30ರಿಂದ 300 ಚುಕ್ಕೆ ಇರುವ ಪ್ಲೇಟನ್ನೇ ಎಣಿಸಿ. ಹತ್ತು ಲಕ್ಷ ಪಟ್ಟು ತೆಳು ಮಾಡಿದ್ದರ 0.1 ಮಿ.ಲೀ.ನಲ್ಲಿ 84 ಸಿಕ್ಕರೆ, ಮೂಲದಲ್ಲಿ ಮಿ.ಲೀ.ಗೆ 84 ಕೋಟಿ ಫೇಜ್.

ಒಂದೇ ಪ್ಲಾಕ್ ಚುಚ್ಚಿ ತೆಗೆದು, ಮತ್ತೆ ಹರಡಿ, ಹೀಗೆ ಮೂರು ಸಲ. ಇಲ್ಲದಿದ್ದರೆ ಎರಡು ಫೇಜ್ ಬೆರೆತಿರಬಹುದು.

ಬ್ರಾತಿನಲ್ಲಿ ಫೇಜ್ ಹಾಕಿದಾಗ ಮೊದಲು ನೀರು ತಿಳಿಯಾಗುತ್ತದೆ, ಕೆಲವು ಗಂಟೆ ಕಳೆದು ಮತ್ತೆ ಮಬ್ಬು. ಫೇಜ್ ಕೆಟ್ಟದ್ದಲ್ಲ, ಅದು ಹಿಡಿದುಕೊಳ್ಳುವ ಹೊರಪೊರೆಯ ಪ್ರೋಟೀನನ್ನು ಬದಲಿಸಿಕೊಂಡ ಕೆಲವು ಕೋಶಗಳು ಉಳಿದು ಬೆಳೆದವು. ವಿಬ್ರಿಯೊಗಳಿಗೆ ತಗಲುವ ಕೆವಿಪಿ40 ಎಂಬ ಫೇಜ್ ಹಿಡಿಯುವುದು ಓಂಪ್‌ಕೆ ಎಂಬ ಪ್ರೋಟೀನನ್ನು. ಹಾಗಾಗಿಯೇ ಬೇರೆ ಬೇರೆ ಪ್ರೋಟೀನ್ ಹಿಡಿಯುವ ಫೇಜುಗಳನ್ನು ಬೆರೆಸಿ ಕೊಡುವುದು.

ಪ್ಲಾಕಿನ ನಡುವೆ ಮಬ್ಬು ಉಳಿದಿದ್ದರೆ ಅನುಮಾನ ಪಡಿ. ಬ್ಯಾಕ್ಟೀರಿಯಾವನ್ನು ಒಡೆಯದೆ ಅದರ ಡಿಎನ್‌ಎ ಜೊತೆ ಉಳಿದುಬಿಡುವ ಫೇಜ್ ಇರಬಹುದು. ಕಾಲರಾದ ವಿಷದ ಜೀನ್ ಇರುವುದೇ ಒಂದು ಫೇಜಿನಲ್ಲಿ, 1996ರಲ್ಲಿ ತಿಳಿದದ್ದು. ವಿಎಚ್‌ಎಂಎಲ್ ಎಂಬ ಫೇಜ್ ಸೇರಿದ ಹಾರ್ವೆಯಿ ಇನ್ನಷ್ಟು ಉಗ್ರವಾಗುತ್ತದೆ. ಜೀನೋಮ್ ಓದಿಸಿ, ಇಂಟಿಗ್ರೇಸ್ ಜೀನ್, ಅಂದರೆ ಫೇಜನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸುವ ಜೀನ್, ಕಂಡರೆ ಆ ಟ್ಯೂಬ್ ಫ್ರಿಜ್ಜಿನಲ್ಲೇ ಇರಲಿ, ಹ್ಯಾಚರಿಗೆ ಬೇಡ.