ಈ ಸೀಸನ್ ಸೋತಿದ್ದು ಬಿಲ್ಬಾವೊದಲ್ಲಿ ಅಲ್ಲ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ 2024-25ರ ಸೀಸನ್ ಬಗ್ಗೆ ಒಬ್ಬ ಅಭಿಮಾನಿಯಾಗಿ ಮಾತಾಡಿ ಅಂತ ಕರೆದಿದ್ದೀರಿ. ಮೊದಲು ಅಂಕಪಟ್ಟಿಯನ್ನೇ ಓದಿಬಿಡುತ್ತೇನೆ. 38 ಪಂದ್ಯ. 11 ಗೆಲುವು, 9 ಡ್ರಾ, 18 ಸೋಲು. ಹೊಡೆದ ಗೋಲು 44, ಹೊಡೆಸಿಕೊಂಡದ್ದು 54. ಒಟ್ಟು 42 ಅಂಕ, 20 ತಂಡಗಳಲ್ಲಿ 15ನೇ ಸ್ಥಾನ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ನಮ್ಮ ತಂಡ ಇಷ್ಟು ಕೆಳಗೆ ಇಳಿದಿರಲಿಲ್ಲ. ಇದಕ್ಕಿಂತ ಕೆಟ್ಟ ಸ್ಥಾನ ಹುಡುಕಬೇಕಾದರೆ 1973-74ಕ್ಕೆ ಹೋಗಬೇಕು. ಆ ವರ್ಷ ತಂಡ ಎರಡನೇ ಡಿವಿಷನ್‌ಗೇ ಬಿದ್ದಿತ್ತು. ಇದರ ಜೊತೆಗೆ, ಇದೇ ವರ್ಷ ಲಿವರ್‌ಪೂಲ್ ಲೀಗ್ ಗೆದ್ದು, ನಮ್ಮ 20 ಪ್ರಶಸ್ತಿಗಳ ಲೆಕ್ಕಕ್ಕೆ ಬಂದು ನಿಂತಿತು. ಅದನ್ನು ನೋಡುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಈ ಸೀಸನ್ ಬಗ್ಗೆ ಯಾರ ಜೊತೆ ಮಾತಾಡಿದರೂ ಕೊನೆಗೆ ಮಾತು ಸ್ಪೇನ್‌ನ ಬಿಲ್ಬಾವೊಗೆ ಬರುತ್ತದೆ. ಅಲ್ಲಿ ನಡೆದದ್ದು ಯೂರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಟೂರ್ನಿಯಾದ ಯೂರೋಪಾ ಲೀಗ್‌ನ ಮೇ 21ರ ಫೈನಲ್. ಟಾಟನ್‌ಹ್ಯಾಮ್ ಎದುರು 1-0 ಸೋಲು. 42ನೇ ನಿಮಿಷದಲ್ಲಿ ಅವರ ಬ್ರೆನನ್ ಜಾನ್ಸನ್ ಮತ್ತು ನಮ್ಮ ಲ್ಯೂಕ್ ಶಾ ನಡುವೆ ಚೆಂಡು ಹೇಗೋ ತಾಗಿ ಒಳಗೆ ಹೋಯಿತು. ಎರಡನೇ ಅರ್ಧ ಪೂರ್ತಿ ಚೆಂಡು ನಮ್ಮ ಬಳಿಯೇ ಇತ್ತು. ನಮ್ಮ ಸ್ಟ್ರೈಕರ್ ಹೊಯ್ಲುಂಡ್ ತಲೆಯಿಂದ ಹೊಡೆದ ಚೆಂಡನ್ನು ಅವರ ಡಿಫೆಂಡರ್ ವಾನ್ ಡೆ ವೆನ್ ಗೋಲಿನ ಗೆರೆಯ ಮೇಲೆ ಹಾರಿ ಹೊರಗೆ ಒದ್ದರು. ಅದು ಗೋಲಾಗಿದ್ದರೆ? ಪಂದ್ಯ ಗೆದ್ದಿದ್ದರೆ? ಕಪ್ ಬರುತ್ತಿತ್ತು, ಯೂರೋಪಿನ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ ಸಿಗುತ್ತಿತ್ತು, ದುಡ್ಡು ಬರುತ್ತಿತ್ತು. ಹಾಗಾಗಿ ಒಂದು ರಾತ್ರಿಯಲ್ಲಿ ಎಲ್ಲ ಕೈತಪ್ಪಿತು ಅನ್ನುವುದು ತುಂಬ ಜನರ ವಾದ.

ನಾನು ಇದನ್ನು ಒಪ್ಪುವುದಿಲ್ಲ. ಆ ಫೈನಲ್‌ನಲ್ಲಿ ಆಡಿದ ಎರಡು ತಂಡಗಳು ಲೀಗ್ ಮುಗಿಸಿದ್ದು 15ನೇ ಮತ್ತು 17ನೇ ಸ್ಥಾನದಲ್ಲಿ. ಅದೇ ಟಾಟನ್‌ಹ್ಯಾಮ್ ಎದುರು ಈ ಸೀಸನ್‌ನಲ್ಲಿ ನಾವು ನಾಲ್ಕು ಸಲ ಆಡಿದೆವು, ನಾಲ್ಕೂ ಸಲ ಸೋತೆವು. ಒಂದು ಸಲ ಸೋತರೆ ಅದೃಷ್ಟ ಸರಿಯಿಲ್ಲ ಅನ್ನಬಹುದು. ನಾಲ್ಕು ಸಲಕ್ಕೆ ಆ ಮಾತು ನಡೆಯಲ್ಲ ಅಲ್ವಾ?

ನನ್ನ ಪ್ರಕಾರ ಈ ಸೀಸನ್ ಸೋತಿದ್ದು 2024ರ ಬೇಸಿಗೆಯಲ್ಲಿ, ಒಂದು ಪಂದ್ಯವನ್ನೂ ಆಡುವುದಕ್ಕೆ ಮೊದಲೇ. ಸೋತಿದ್ದು ಮೈದಾನದಲ್ಲಿ ಅಲ್ಲ, ಕ್ಲಬ್‌ನ ಮೇಲಿನವರು ಕೂತು ತೀರ್ಮಾನ ಮಾಡುವ ಕೋಣೆಯಲ್ಲಿ.

ಸ್ವಲ್ಪ ನೆನಪು ಮಾಡಿಕೊಳ್ಳಿ. 2023-24ರಲ್ಲಿ ತಂಡ 8ನೇ ಸ್ಥಾನಕ್ಕೆ ಇಳಿದಿತ್ತು. ಹೊಡೆದದ್ದಕ್ಕಿಂತ ಹೊಡೆಸಿಕೊಂಡ ಗೋಲುಗಳೇ ಜಾಸ್ತಿ ಇದ್ದವು. ಕೋಚ್ ಎರಿಕ್ ಟೆನ್ ಹಾಗ್ ಹೋಗುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಮೇ 25ರಂದು ಇಂಗ್ಲೆಂಡ್‌ನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1ರಿಂದ ಸೋಲಿಸಿದೆವು. ಗಾರ್ನಾಚೊ ಒಂದು, ಮೇನೂ ಒಂದು. ಇಬ್ಬರೂ ನಮ್ಮ ಅಕಾಡೆಮಿಯ ಹುಡುಗರು. ಆ ದಿನದ ಸಂತೋಷ ನಿಜವಾದದ್ದು, ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೆ ಆ ಒಂದು ಪಂದ್ಯ ಕ್ಲಬ್‌ನ ಕಣ್ಣಿಗೆ ಪರದೆ ಕಟ್ಟಿತು. ಬೇರೆ ಕೋಚ್‌ಗಳ ಜೊತೆ ಮಾತಾಡಿ, ಯಾರೂ ಸರಿಹೊಂದದೆ, ಜುಲೈನಲ್ಲಿ ಟೆನ್ ಹಾಗ್ ಅವರ ಒಪ್ಪಂದವನ್ನೇ 2026ರವರೆಗೆ ಮುಂದುವರಿಸಿದರು. ಪೂರ್ತಿ ನಂಬಿಕೆ ಇದ್ದಿದ್ದರೆ ಬೇರೆಯವರನ್ನು ಹುಡುಕುತ್ತಿರಲಿಲ್ಲ. ನಂಬಿಕೆ ಇಲ್ಲದಿದ್ದರೆ ಒಪ್ಪಂದ ಮುಂದುವರಿಸಬಾರದಿತ್ತು.

ಆಮೇಲೆ ಅವರ ಆಟಕ್ಕೆ ತಕ್ಕ ಆಟಗಾರರನ್ನು ಕೊಂಡರು. ಡಿ ಲಿಖ್ಟ್ ಮತ್ತು ಮಜ್ರಾವಿ ಇಬ್ಬರೂ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್‌ನಲ್ಲಿ ಅವರ ಕೈಕೆಳಗೆ ಆಡಿದವರು. ಯೋರೊ, ಉಗಾರ್ತೆ, ಜಿರ್ಕ್‌ಜೀ ಬಂದರು. ಎಲ್ಲ ಸೇರಿ 20 ಕೋಟಿ ಪೌಂಡ್ ಹತ್ತಿರ ಖರ್ಚಾಯಿತು. ಅಷ್ಟೆಲ್ಲ ಮಾಡಿ, ಒಂಬತ್ತು ಲೀಗ್ ಪಂದ್ಯಗಳಿಗೆ, ತಂಡ 14ನೇ ಸ್ಥಾನದಲ್ಲಿದ್ದಾಗ, ಅಕ್ಟೋಬರ್ 28ಕ್ಕೆ ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿದರು. ಅವರನ್ನೂ ಅವರ ಸಹಾಯಕರನ್ನೂ ಕಳಿಸಲು ಆದ ಖರ್ಚು 1.04 ಕೋಟಿ ಪೌಂಡ್. ಜುಲೈನಲ್ಲಿ ಕೆಲಸಕ್ಕೆ ಸೇರಿದ ಸ್ಪೋರ್ಟಿಂಗ್ ಡೈರೆಕ್ಟರ್ ಡ್ಯಾನ್ ಆಶ್‌ವರ್ತ್ ಡಿಸೆಂಬರ್‌ನಲ್ಲೇ ಹೊರಟರು. ಅದಕ್ಕೆ ಇನ್ನೊಂದು 41 ಲಕ್ಷ ಪೌಂಡ್.

ಮಧ್ಯೆ ರೂಡ್ ವಾನ್ ನಿಸ್ಟೆಲ್‌ರಾಯ್ ನಾಲ್ಕು ಪಂದ್ಯ ನೋಡಿಕೊಂಡರು. ಮೂರು ಗೆಲುವು, ಒಂದು ಡ್ರಾ. ನಮ್ಮ ಹಳೆಯ ಸ್ಟ್ರೈಕರ್ ಅಲ್ಲಿ ನಿಂತಿದ್ದನ್ನು ನೋಡಿದರೇ ಮನಸ್ಸು ತುಂಬುತ್ತಿತ್ತು. ನವೆಂಬರ್‌ನಲ್ಲಿ ರೂಬೆನ್ ಅಮೊರಿಮ್ ಬಂದರು. ಈ ನೇಮಕದ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಗಂಟು ಇರುವುದು ಇಲ್ಲೇ.

ಅಮೊರಿಮ್ ಅವರ ಹಿಂದಿನ ಕ್ಲಬ್, ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಲ್ಲಿ ಆಡಿಸುತ್ತಿದ್ದುದು 3-4-3. ಹಿಂದೆ ಮೂವರು, ಎರಡು ಬದಿಗೆ ಉದ್ದಕ್ಕೂ ಓಡುವ ವಿಂಗ್‌ಬ್ಯಾಕ್‌ಗಳು, ನಡುವೆ ಇಬ್ಬರೇ ಇಬ್ಬರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಯುನೈಟೆಡ್‌ನ ತಂಡವನ್ನು ಕಟ್ಟಿದ್ದು ಹಿಂದೆ ನಾಲ್ವರನ್ನು ಇಟ್ಟು ಆಡುವುದಕ್ಕೆ. ಸೀಸನ್ ಮುಗಿದ ಮೇಲೆ ಬರುತ್ತೇನೆ ಅಂತ ಅಮೊರಿಮ್ ಕೇಳಿಕೊಂಡಿದ್ದರು. ಈಗ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ ಅಂತ ಕ್ಲಬ್ ಹೇಳಿತು. ಇದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಅಂದರೆ ಒಬ್ಬ ಕೋಚ್‌ಗಾಗಿ ಕೊಂಡ ಆಟಗಾರರನ್ನು ನಡು ಸೀಸನ್‌ನಲ್ಲಿ, ವಾರಕ್ಕೆ ಎರಡೆರಡು ಪಂದ್ಯ ಇರುವಾಗ, ಪೂರ್ತಿ ಬೇರೆ ರೀತಿ ಆಡಿಸುವ ಇನ್ನೊಬ್ಬರ ಕೈಗೆ ಕೊಟ್ಟರು. ಅಭ್ಯಾಸಕ್ಕೆ ದಿನಗಳೇ ಸಿಗಲಿಲ್ಲ.

ಎಡಗಡೆ ವಿಂಗ್‌ಬ್ಯಾಕ್ ಜಾಗವನ್ನೇ ನೋಡಿ. ಶಾ ಮತ್ತು ಮಲಾಸಿಯಾ ಇಬ್ಬರೂ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದವರು. ಬಲಗಾಲಿನ ಡಾಲೊ ಅವರನ್ನು ಎಡಗಡೆ ಆಡಿಸಬೇಕಾಯಿತು. ಅವರು ಮುಂದೆ ಓಡಿ, ನಿಂತು, ಚೆಂಡನ್ನು ಬಲಗಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ತಂಡ ಪೂರ್ತಿ ಹಿಂದೆ ಬಂದು ಸೇರಿಕೊಳ್ಳುತ್ತಿತ್ತು. ಆ ಜಾಗಕ್ಕೆ ಕೊಂಡ ಡೋರ್ಗು ಬಂದಿದ್ದು ಜನವರಿಯ ಆಟಗಾರರ ಖರೀದಿ ಅವಧಿ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಲೀಗ್ ಕೈಬಿಟ್ಟು ಹೋಗಿತ್ತು.

ಡಿಸೆಂಬರ್ 30ರ ನ್ಯೂಕ್ಯಾಸಲ್ ಪಂದ್ಯವನ್ನು ಇನ್ನೊಮ್ಮೆ ನೋಡಿ. ನಮ್ಮ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ನಡುವೆ ಕಸೆಮಿರೊ ಮತ್ತು ಎರಿಕ್ಸನ್. ಇಬ್ಬರೂ ಮೂವತ್ತು ದಾಟಿದವರು. ಎದುರಿಗೆ ಬ್ರೂನೊ ಗಿಮಾರೈಸ್, ಟೊನಾಲಿ, ಜೊಯೆಲಿಂಟನ್. ಮೂವರೂ ನಿಲ್ಲದೆ ಓಡುವವರು. ಇಬ್ಬರ ಮೇಲೆ ಮೂವರು ಬಿದ್ದರೆ ಏನಾಗಬೇಕೋ ಅದೇ ಆಯಿತು. 19 ನಿಮಿಷದೊಳಗೆ ಎರಡು ಗೋಲು. 33ನೇ ನಿಮಿಷಕ್ಕೆ ಅಮೊರಿಮ್ ನಡುವೆ ಇನ್ನೊಬ್ಬರನ್ನು ಸೇರಿಸಲು ಜಿರ್ಕ್‌ಜೀಯನ್ನು ಹೊರಗೆ ಕರೆದರು. ಆಗ ನಮ್ಮದೇ ಜನ ಆ ಹುಡುಗನನ್ನು ನೋಡಿ ಕೂಗಾಡಿದರು. ನನಗೆ ಇಡೀ ಸೀಸನ್‌ನಲ್ಲಿ ಅತಿ ಹೆಚ್ಚು ನೋವಾದ ಗಳಿಗೆ ಅದು. ನಡುವಿನ ಜಾಗ ಖಾಲಿ ಬಿದ್ದದ್ದಕ್ಕೆ ಸ್ಟ್ರೈಕರ್ ಹೊಣೆಯಲ್ಲ. ತಪ್ಪು ಮಾಡಿದವರು ಕೂತಿದ್ದು ಮೇಲಿನ ಸಾಲಿನಲ್ಲಿ, ಕೂಗು ಕೇಳಿಸಿಕೊಂಡಿದ್ದು ಮೈದಾನದಲ್ಲಿದ್ದ ಹುಡುಗ.

ಹಾಗಂತ ಅಮೊರಿಮ್ ಅವರ ಪಾಲು ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. 27 ಲೀಗ್ ಪಂದ್ಯಗಳಲ್ಲಿ ಅವರ ತಂಡ ಗಳಿಸಿದ್ದು 27 ಅಂಕ. ಏಳು ಗೆಲುವು, 14 ಸೋಲು. ಬ್ರೈಟನ್ ಎದುರು 3-1 ಸೋತ ಮೇಲೆ, ಬಹುಶಃ ಇದು ಕ್ಲಬ್ ಚರಿತ್ರೆಯಲ್ಲೇ ಕೆಟ್ಟ ತಂಡ ಅಂತ ಅವರು ಹೇಳಿದರು. ಪ್ರಾಮಾಣಿಕ ಮಾತು ಇರಬಹುದು. ಆದರೆ ಮರುದಿನ ಅಭ್ಯಾಸಕ್ಕೆ ಬರಬೇಕಾದ ಆಟಗಾರರು ಅದನ್ನು ಓದುತ್ತಾರೆ. ತನ್ನ ತಂಡದ ಬಗ್ಗೆ ಆ ಮಾತನ್ನು ಕೋಚ್ ಆಡಬಾರದು. ಒಂದೆರಡು ಪಂದ್ಯಗಳಲ್ಲಾದರೂ ನಡುವೆ ಮೂವರನ್ನು ಮೊದಲಿಂದಲೇ ಇಡಬಹುದಿತ್ತು. ಹಟ ಹಿಡಿದರು.

ಇನ್ನು ಗೋಲುಗಳ ವಿಷಯ. ಹೊಯ್ಲುಂಡ್ ಲೀಗ್‌ನಲ್ಲಿ ಹೊಡೆದದ್ದು ನಾಲ್ಕು. ಜಿರ್ಕ್‌ಜೀ ಮೂರು. ಇಬ್ಬರೂ ಸೇರಿ ಏಳು. ಇದೇ ಬೇಸಿಗೆಯಲ್ಲಿ ನಾವು ಮೆಕ್‌ಟಾಮಿನೆಯನ್ನು ನಾಪೊಲಿಗೆ ಮಾರಿದ್ದೆವು. ಚಿಕ್ಕ ಹುಡುಗನಾಗಿದ್ದಾಗಿನಿಂದ ನಮ್ಮಲ್ಲೇ ಬೆಳೆದ ಮಿಡ್‌ಫೀಲ್ಡರ್. ಅವರು ಇಟಲಿಯಲ್ಲಿ 12 ಲೀಗ್ ಗೋಲು ಹೊಡೆದರು. ನಾಪೊಲಿ ಲೀಗ್ ಗೆದ್ದಿತು. ಕೊನೆಯ ಪಂದ್ಯದಲ್ಲಿ ಮೊದಲ ಗೋಲೂ ಅವರದ್ದೇ. ಸೀಸನ್‌ನ ಅತ್ಯುತ್ತಮ ಆಟಗಾರ ಅಂತಲೂ ಅವರನ್ನೇ ಆರಿಸಿದರು. ಅಕಾಡೆಮಿಯಿಂದ ಬಂದವರನ್ನು ಮಾರಿದರೆ ಲೆಕ್ಕದ ಪುಸ್ತಕದಲ್ಲಿ ಬಂದ ಹಣವೆಲ್ಲ ಲಾಭವಾಗಿ ಕಾಣುತ್ತದೆ. ಹಾಗಾಗಿ ಮಾರುವ ಆಸೆ ಕ್ಲಬ್‌ಗಳಿಗೆ ಜಾಸ್ತಿ. 1937ರ ಅಕ್ಟೋಬರ್‌ನಿಂದ ಇವತ್ತಿನವರೆಗೆ ಯುನೈಟೆಡ್‌ನ ಪ್ರತಿ ಪಂದ್ಯದ ತಂಡದಲ್ಲೂ ಅಕಾಡೆಮಿಯ ಒಬ್ಬನಾದರೂ ಇದ್ದಾನೆ. ಅಂಥ ಕ್ಲಬ್ ತನ್ನ ಹುಡುಗರನ್ನು ಮೊದಲು ಮಾರಲು ಹೊರಟರೆ ನನಗೆ ಸಹಿಸಲು ಆಗುವುದಿಲ್ಲ.

ಒಳ್ಳೆಯದೂ ಇತ್ತು, ಅದನ್ನು ಹೇಳದಿದ್ದರೆ ಆಟಗಾರರಿಗೆ ಅನ್ಯಾಯ. ಡಿಸೆಂಬರ್ 15ರಂದು ಸಿಟಿಯ ಮೈದಾನದಲ್ಲಿ 88ನೇ ನಿಮಿಷದವರೆಗೆ ಹಿಂದಿದ್ದೆವು. ಅಮಾದ್ ಗಳಿಸಿಕೊಟ್ಟ ಪೆನಾಲ್ಟಿಯನ್ನು ನಮ್ಮ ನಾಯಕ ಬ್ರೂನೊ ಫರ್ನಾಂಡಿಸ್ ಹೊಡೆದರು, ಎರಡು ನಿಮಿಷಕ್ಕೆ ಅಮಾದ್ ತಾನೇ ಇನ್ನೊಂದು ಹೊಡೆದ. ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಹತ್ತೇ ಜನ ಉಳಿದು ಆರ್ಸೆನಲ್ ಅನ್ನು ಅವರ ಮನೆಯಲ್ಲೇ ಪೆನಾಲ್ಟಿಯಲ್ಲಿ ಸೋಲಿಸಿದರು. ಬ್ರೂನೊ ಎಲ್ಲ ಟೂರ್ನಿ ಸೇರಿ 19 ಗೋಲು ಹೊಡೆದರು. ಅವರೊಬ್ಬರು ಇರದಿದ್ದರೆ ನಾವು ಎಲ್ಲಿರುತ್ತಿದ್ದೆವು ಅಂತ ಯೋಚಿಸಲೂ ಭಯ.

ಯೂರೋಪಾ ಲೀಗ್‌ನಲ್ಲಿ ಏಪ್ರಿಲ್ 17ರಂದು ಫ್ರಾನ್ಸ್‌ನ ಲಿಯಾನ್ ಎದುರಿನ ಪಂದ್ಯವಂತೂ! 2-0 ಮುಂದಿದ್ದು 2-2 ಆಯಿತು. ಹೆಚ್ಚುವರಿ ಸಮಯದಲ್ಲಿ, ಹತ್ತೇ ಜನ ಇದ್ದ ಲಿಯಾನ್ 4-2 ಮಾಡಿತು. ಎಷ್ಟೋ ಜನ ಮೈದಾನ ಬಿಟ್ಟು ಹೊರಟಿದ್ದರು. 114ನೇ ನಿಮಿಷಕ್ಕೆ ಬ್ರೂನೊ ಪೆನಾಲ್ಟಿ. 120ನೇ ನಿಮಿಷಕ್ಕೆ ಮೇನೂ. ಅದರ ಬೆನ್ನಿಗೇ ಮಗ್ವೈರ್ ತಲೆಯಿಂದ ಹೊಡೆದರು. 5-4. ಗೋಲು ಬೇಕು ಅಂತ ಡಿಫೆಂಡರ್ ಮಗ್ವೈರ್‌ರನ್ನೇ ಮುಂದೆ ನಿಲ್ಲಿಸಿದ್ದರು. ವರ್ಷಗಟ್ಟಲೆ ಗೇಲಿ ಮಾಡಿಸಿಕೊಂಡ, ನಾಯಕನ ಪಟ್ಟಿ ಕಳೆದುಕೊಂಡ ಮನುಷ್ಯ ಅವರು. ಎರಡು ವಾರಕ್ಕೆ ಅದೇ ಬಿಲ್ಬಾವೊದಲ್ಲಿ, ಅಲ್ಲಿನ ಅಥ್ಲೆಟಿಕ್ ಕ್ಲಬ್ ಎದುರು, ಸೆಮಿಫೈನಲ್‌ನ ಮೊದಲ ಪಂದ್ಯ. ಅಲ್ಲಿ ಬಲಬದಿಯಲ್ಲಿ ಡಿಫೆಂಡರ್‌ನನ್ನು ದಾಟಿ ಚೆಂಡು ಕೊಟ್ಟು, ಕಸೆಮಿರೊ ಗೋಲಿಗೆ ದಾರಿ ಮಾಡಿದವರೂ ಅವರೇ. ಶ್ರಮದ ಬಗ್ಗೆ ಯಾರಾದರೂ ಮಾತಾಡಿದರೆ ನಾನು ಅವರ ಹೆಸರು ಹೇಳುತ್ತೇನೆ.

ಆದರೂ ಯೂರೋಪಾದ ಆ ಓಟ ನಮಗೆ ಲೀಗ್‌ನ ಸ್ಥಿತಿಯನ್ನೇ ಮರೆಸಿತು. ಫೈನಲ್‌ವರೆಗೆ ಯೂರೋಪಾದಲ್ಲಿ 14 ಪಂದ್ಯ, ಒಂದೂ ಸೋಲಿಲ್ಲ. ಅದೇ ಹೊತ್ತಿಗೆ ಲೀಗ್‌ನಲ್ಲಿ ವುಲ್ವ್ಸ್ ಮತ್ತು ವೆಸ್ಟ್ ಹ್ಯಾಮ್ ಓಲ್ಡ್ ಟ್ರಾಫರ್ಡ್‌ಗೆ ಬಂದು ಗೆದ್ದು ಹೋದವು. ತವರಿನಲ್ಲಿ ಒಟ್ಟು ಒಂಬತ್ತು ಲೀಗ್ ಸೋಲು. ಬೋರ್ನ್‌ಮತ್ ಮೂರು ಗೋಲು ಹೊಡೆದು ಹೋಯಿತು.

ಈಗ ಮಾಲೀಕರ ಮಾತು. 2005ರಲ್ಲಿ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡಿತು, ಆ ಸಾಲವನ್ನು ಕ್ಲಬ್‌ನ ತಲೆಗೇ ಕಟ್ಟಿತು. ಇದು ಹಳೆಯ ಗಾಯ. 2024ರಲ್ಲಿ ಜಿಮ್ ರಾಟ್‌ಕ್ಲಿಫ್ ಒಂದು ಪಾಲು ಕೊಂಡು ಫುಟ್‌ಬಾಲ್ ವ್ಯವಹಾರ ಕೈಗೆ ತೆಗೆದುಕೊಂಡರು. ಖರ್ಚು ಇಳಿಸಬೇಕು ಅಂತ ಸುಮಾರು 250 ಕೆಲಸ ತೆಗೆದರು, ಮತ್ತೆ 200ರವರೆಗೆ ತೆಗೆಯುತ್ತೇವೆ ಅಂದರು. ಸಿಬ್ಬಂದಿಯ ಉಚಿತ ಊಟ ನಿಲ್ಲಿಸಿದರು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳಿಗೆ 66 ಪೌಂಡ್ ಬೆಲೆ ಇಟ್ಟು, ಮಕ್ಕಳ ಮತ್ತು ಹಿರಿಯರ ರಿಯಾಯಿತಿ ತೆಗೆದರು. ಮೊದಲು ಮಗುವಿನ ಟಿಕೆಟ್ 25 ಪೌಂಡ್‌ಗೆ ಸಿಗುತ್ತಿತ್ತು. ನಾನು ಆಗಲೇ ಹೇಳಿದ 1.04 ಕೋಟಿಯನ್ನೂ 41 ಲಕ್ಷವನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ. ಜುಲೈನಲ್ಲಿ ಒಂದು ತೀರ್ಮಾನ ಸರಿಯಾಗಿ ಮಾಡಿದ್ದರೆ ಎಷ್ಟು ಜನರ ಕೆಲಸ ಉಳಿಯುತ್ತಿತ್ತು! ಅಡುಗೆಮನೆಯಲ್ಲಿ, ಕಚೇರಿಯಲ್ಲಿ ಕೆಲಸ ಮಾಡುವವರು 15ನೇ ಸ್ಥಾನಕ್ಕೆ ಕಾರಣರಲ್ಲ.

1974ರ ಹೆಸರು ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. ನಮ್ಮ ಹಳೆಯ ವೀರ ಡೆನಿಸ್ ಲಾ ಸಿಟಿ ಪರ ಹಿಮ್ಮಡಿಯಿಂದ ಹೊಡೆದ ಗೋಲೇ ಯುನೈಟೆಡ್ ಅನ್ನು ಕೆಳಗೆ ಇಳಿಸಿತು ಅಂತ ಇನ್ನೂ ಹೇಳುತ್ತಾರೆ. ನಿಜ ಅಂದರೆ, ಬೇರೆ ಪಂದ್ಯಗಳ ಫಲಿತಾಂಶದಿಂದ ಆ ಗೋಲು ಇಲ್ಲದಿದ್ದರೂ ತಂಡ ಇಳಿಯುತ್ತಿತ್ತು. ಜಾನ್ಸನ್ ಗೋಲಿಗೂ ಈಗ ಅದೇ ಕಥೆ ಕಟ್ಟುತ್ತಿದ್ದೇವೆ. 1974ರಲ್ಲಿ ಇಳಿದ ಆ ತಂಡ ಮುಂದಿನ ವರ್ಷವೇ ಎರಡನೇ ಡಿವಿಷನ್ ಗೆದ್ದು ಮೇಲೆ ಬಂತು. ಕಾರಣ, ಕೋಚ್ ಟಾಮಿ ಡಾಕರ್ಟಿಯನ್ನು ಕ್ಲಬ್ ಕೈಬಿಡಲಿಲ್ಲ. ಒಬ್ಬರನ್ನು ನಂಬಿದ ಮೇಲೆ ಪೂರ್ತಿ ನಂಬಿತು.

ಬಿಲ್ಬಾವೊ ಸೋಲಿನ ಮುಂದಿನ ಸೀಸನ್‌ನಲ್ಲಿ, ಅಂದರೆ 2025-26ರಲ್ಲಿ, ಯೂರೋಪಿನ ಯಾವ ಟೂರ್ನಿಯೂ ನಮಗಿರಲಿಲ್ಲ. ಹೀಗಾಗಿದ್ದು 2014-15ರ ನಂತರ ಅದೇ ಮೊದಲು. 2024-25ರಲ್ಲಿ 60 ಪಂದ್ಯ ಆಡಿದ ತಂಡಕ್ಕೆ ಬಹುಪಾಲು ವಾರಕ್ಕೆ ಒಂದೇ ಪಂದ್ಯ ಇತ್ತು. ಅಭ್ಯಾಸಕ್ಕೆ ಸಮಯ ಇತ್ತು. 2025ರ ಬೇಸಿಗೆಯಲ್ಲಿ ನಾನು ಕೇಳುತ್ತಿದ್ದುದು ಇಷ್ಟು. ಗೋಲು ಹೊಡೆಯುವ ಒಬ್ಬ ಸ್ಟ್ರೈಕರ್ ಬೇಕು. ನಡುವೆ ಓಡುವ ಕಾಲುಗಳು ಬೇಕು. ಗೋಲ್‌ಕೀಪರ್ ಬಗ್ಗೆ ನೇರವಾಗಿ ಯೋಚಿಸಬೇಕು. ಮೇನೂ ಅವರನ್ನು ಮಾರಬಾರದು. ಅದಕ್ಕೂ ಮೊದಲು, ಅಮೊರಿಮ್ ಬೇಕೋ ಬೇಡವೋ ಅನ್ನುವುದನ್ನು ಕ್ಲಬ್ ಜುಲೈನಲ್ಲೇ ತೀರ್ಮಾನ ಮಾಡಲಿ, ಅಕ್ಟೋಬರ್‌ನಲ್ಲಿ ಅಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಅಮೊರಿಮ್ ಬಗ್ಗೆ ನನ್ನ ಮಾತನ್ನು ಒಪ್ಪದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಮೊದಲ ಪ್ರಶ್ನೆ ನಿಮ್ಮದೇ ಆಗಲಿ.