ಗೋಡೆಯೊಳಗಿನ ಕಿವಿ

ಆತ್ಮೀಯ ಕೇಳುಗರಿಗೆ ನಮಸ್ಕಾರ. ಗೋಡೆಗೂ ಕಿವಿಯಿದೆ ಎಂದು ನಾವು ಮಾತಿಗೆ ಹೇಳುತ್ತೇವೆ. 1964ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಿಲ್ಲರ್ಡ್ ಹೋಟೆಲಿನಲ್ಲಿ ಅಮೆರಿಕದ ಕರಿಯರ ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ತಂಗಿದ್ದ ಕೋಣೆಗೆ ಆ ಕಿವಿ ನಿಜವಾಗಿಯೂ ಇತ್ತು. ಧ್ವನಿಗ್ರಾಹಕವನ್ನು ಅಡಗಿಸಿಟ್ಟವರು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನವರು. ಕಿಂಗ್ ಅವರ ದೂರವಾಣಿಯನ್ನು ಕದ್ದಾಲಿಸಲು ದೇಶದ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ 1963ರ ಅಕ್ಟೋಬರಿನಲ್ಲೇ ಒಪ್ಪಿಗೆಯ ಸಹಿ ಹಾಕಿದ್ದರು. ಕಿಂಗ್ ಅವರ ಸುತ್ತ ಕಮ್ಯುನಿಸ್ಟರಿದ್ದಾರೆ ಎಂಬುದು ಕೊಟ್ಟ ಕಾರಣ. ನಾನು ಹೇಳಬೇಕಾದದ್ದು ಒಂದೇ ಮಾತು: ಈ ಕದ್ದಾಲಿಕೆ ಅಪರಾಧದ ಪತ್ತೆಗಾಗಿ ನಡೆದದ್ದಲ್ಲ, ಒಬ್ಬ ನಾಯಕನ ಬಾಯಿ ಮುಚ್ಚಿಸಲು ನಡೆದದ್ದು.

ಒಂದು ಪೊಟ್ಟಣದ ಕಥೆಯನ್ನು ಕೇಳಿ. 1964ರ ನವೆಂಬರಿನಲ್ಲಿ ಎಫ್‌ಬಿಐ ನಿರ್ದೇಶಕ ಎಡ್ಗರ್ ಹೂವರ್ ಪತ್ರಕರ್ತೆಯರ ಮುಂದೆ ಕಿಂಗ್ ಅವರನ್ನು ದೇಶದ ಕುಖ್ಯಾತ ಸುಳ್ಳುಗಾರ ಎಂದು ಜರೆದರು. ಕೆಲವೇ ದಿನಗಳಲ್ಲಿ ಮಯಾಮಿಯಿಂದ ಅಟ್ಲಾಂಟಾದ ಕಿಂಗ್ ಕಚೇರಿಗೆ ಒಂದು ಪೊಟ್ಟಣ ಅಂಚೆಯಲ್ಲಿ ಹೊರಟಿತು. ಇದು ಕಿಂಗ್ ಅವರ ಯಾವುದೋ ಭಾಷಣದ ಧ್ವನಿಮುದ್ರಣವಿರಬೇಕೆಂದು ಭಾವಿಸಿದ ಕಚೇರಿಯವರು, ಅಂಥವನ್ನು ಜತನವಾಗಿ ಕೂಡಿಡುತ್ತಿದ್ದ ಪತ್ನಿ ಕೊರೆಟ್ಟಾ ಅವರಿಗೆ ಅದನ್ನು ತಲುಪಿಸಿದರು. 1965ರ ಜನವರಿಯಲ್ಲಿ ಆಕೆ ಬಿಚ್ಚಿದಾಗ ಒಳಗಿದ್ದದ್ದು ಹೋಟೆಲು ಕೋಣೆಗಳಲ್ಲಿ ಕದ್ದು ಮುದ್ರಿಸಿದ ಧ್ವನಿಸುರುಳಿ ಮತ್ತು ಬೆರಳಚ್ಚಿನ, ಸಹಿಯಿಲ್ಲದ ಒಂದು ಕಾಗದ. ಬರೆದವನು ಕರಿಯರಲ್ಲೊಬ್ಬನೆಂದು ನಟಿಸಿದ್ದ. ನಿನಗೆ ಉಳಿದಿರುವುದು ಒಂದೇ ದಾರಿ, ಅದಕ್ಕೆ 34 ದಿನಗಳ ಗಡುವು ಎಂದಿದ್ದ. ಆತ್ಮಹತ್ಯೆ ಮಾಡಿಕೋ ಎಂಬುದೇ ಅದರ ಅರ್ಥವೆಂದು ಕಿಂಗ್ ಗ್ರಹಿಸಿದರು, ಕಳುಹಿಸಿದವರು ಯಾರೆಂಬುದನ್ನೂ ಗ್ರಹಿಸಿದರು. ಇಷ್ಟರಲ್ಲಿ ಅವರು ಓಸ್ಲೋಗೆ ಹೋಗಿ ನೊಬೆಲ್ ಶಾಂತಿ ಪುರಸ್ಕಾರವನ್ನು ಪಡೆದು ಬಂದಿದ್ದರು.

ಆ ಸುರುಳಿಯಲ್ಲಿ ಏನಿತ್ತು ಎಂದು ನಾನು ಈ ವಿಷಯ ಮಾತನಾಡಿದಲ್ಲೆಲ್ಲ ಯಾರಾದರೊಬ್ಬರು ಕುತೂಹಲದಿಂದ ಕೇಳುತ್ತಾರೆ. ದಯವಿಟ್ಟು ಕ್ಷಮಿಸಿ, ಅದು ಪ್ರಶ್ನೆಯೇ ಅಲ್ಲ. ಸರ್ಕಾರದ ಸಂಬಳ ಪಡೆಯುವವರು ಒಬ್ಬ ಪ್ರಜೆಯ ಮಲಗುವ ಕೋಣೆಯ ಸದ್ದನ್ನು ಸುರುಳಿಗೆ ಸುತ್ತಿ ಅಂಚೆಗೆ ಹಾಕಿದರು. ಅದರ ಆಧಾರದ ಮೇಲೆ ಒಂದೇ ಒಂದು ಮೊಕದ್ದಮೆಯನ್ನಾದರೂ ಹೂಡಿದರೇ? ಇಲ್ಲ. ಅಪರಾಧವನ್ನು ಅವರು ಹುಡುಕುತ್ತಲೇ ಇರಲಿಲ್ಲ.

ಪೊಟ್ಟಣದ ಕಥೆಯೇ ನನ್ನ ಸಮಯವನ್ನೆಲ್ಲ ನುಂಗಿತು. ಇಂಥ ಬೇಹುಗಾರಿಕೆ ಬಯಲಿಗೆ ಬಂದ ಬಗೆಯನ್ನು ವಿವರಿಸಲು ಸಮಯವಿಲ್ಲ; 1971ರ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಯಿಂದ ಕೆಲವು ನಾಗರಿಕರು ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದ್ದನ್ನೂ, 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ನಡೆಸಿದ ವಿಚಾರಣೆಯನ್ನೂ ಹೆಸರಿಸಿ ಮುಂದೆ ಸಾಗುತ್ತೇನೆ. ಧ್ವನಿಸುರುಳಿಗಳನ್ನೇನೋ ಯಾರೂ ಸುಡಲಿಲ್ಲ. ರಾಷ್ಟ್ರೀಯ ಪತ್ರಾಗಾರದಲ್ಲಿ ಅವನ್ನು 50 ವರ್ಷ ಮೊಹರು ಮಾಡಿಡಬೇಕೆಂದು 1977ರಲ್ಲಿ ನ್ಯಾಯಾಲಯ ಆದೇಶಿಸಿತು. ನಮಸ್ಕಾರ.